ಉಡುಪಿ ಪೇಟೆಯ ಕುಚ್ಚಲಕ್ಕಿ: ಮೂರು ಬಗೆಯ ಹೋಲಿಕೆ

ಈ ಮಳೆಗಾಲದಲ್ಲಿ ಮೂರು ಬಗೆಯ ಕುಚ್ಚಲಕ್ಕಿಯನ್ನು (ಭತ್ತವನ್ನು ಬೇಯಿಸಿ ಒಣಗಿಸಿ ಮಾಡುವ ಅಕ್ಕಿ) ತಂದು, ಒಂದೇ ಪಾತ್ರೆಯಲ್ಲಿ, ಒಂದೇ ಅಳತೆಯಲ್ಲಿ ಬೇಯಿಸಿ ನೋಡಿದೆವು: ದಿನಸಿ ಅಂಗಡಿಯ ಪ್ಯಾಕೆಟ್ ಅಕ್ಕಿ, ಬ್ರಹ್ಮಾವರದ ಕಡೆಯ ಸಣ್ಣ ಮಿಲ್ಲಿನಿಂದ ತಂದ ಕೆಂಪು ಕಜೆ ಅಕ್ಕಿ ಮತ್ತು ನ್ಯಾಯಬೆಲೆ ಅಂಗಡಿಯ ಅಕ್ಕಿ.

ನೋಟಕ್ಕೆ ಪ್ಯಾಕೆಟ್ ಅಕ್ಕಿಯೇ ಚೆಂದ. ಕಾಳುಗಳೆಲ್ಲ ಒಂದೇ ಗಾತ್ರದಲ್ಲಿದ್ದು, ಕಲ್ಲಾಗಲಿ ನುಚ್ಚಾಗಲಿ ಸಿಗುವುದಿಲ್ಲ. ಆದರೆ ಪಾಲಿಶ್ ಅತಿಯಾಗಿ ತೌಡೆಲ್ಲ ಹೋಗಿರುವುದರಿಂದ, ಕೆಂಪು ಬಣ್ಣ ಕಾಳಿನ ಗೀರುಗಳಲ್ಲಿ ಮಾತ್ರ ಉಳಿದಿದೆ. ಮಿಲ್ಲಿನ ಅಕ್ಕಿಯನ್ನು ಗೆರಸೆಗೆ ಸುರಿದರೆ ಅಲ್ಲಲ್ಲಿ ಭತ್ತದ ಕಾಳು, ಸ್ವಲ್ಪ ನುಚ್ಚು ಕಾಣುತ್ತವೆ. ಆರಿಸುವ ಕೆಲಸ ಹೆಚ್ಚು, ಆದರೆ ಮೈಯೆಲ್ಲ ಕೆಂಪು. ಕಾಳನ್ನು ಹಲ್ಲಿನಿಂದ ಮುರಿದು ಒಳಗನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ಮಟ್ಟಿಗೆ ಉಳಿದೆಲ್ಲ ಪರೀಕ್ಷೆಗಳಿಗಿಂತ ನಂಬಲರ್ಹ. ಭತ್ತವನ್ನು ನೆನೆಹಾಕಿ ಹಬೆಯಲ್ಲಿ ಬೇಯಿಸುವಾಗ ಪಿಷ್ಟವೆಲ್ಲ ಬೆಂದು ಬಿರುಕುಗಳು ಕೂಡಿಕೊಂಡರೆ ಒಳಭಾಗ ಗಾಜಿನಂತೆ ಪಾರದರ್ಶಕವಾಗಿರುತ್ತದೆ; ನೆನೆದದ್ದು ಅಥವಾ ಬೆಂದದ್ದು ಸಾಲದಿದ್ದರೆ ನಡುವೆ ಬಿಳಿಯ ಚುಕ್ಕೆ ಉಳಿಯುತ್ತದೆ. ಪ್ಯಾಕೆಟ್ಟಿನಲ್ಲಿ ಇಂಥ ಕಾಳು ವಿರಳ, ಮಿಲ್ಲಿನದರಲ್ಲಿ ಕೆಲವು, ಪಡಿತರದ ಅಕ್ಕಿಯಲ್ಲಿ ಬಹಳ.

ಬೇಯಿಸಿದಾಗ ಈ ಕ್ರಮ ಬದಲಾಯಿತು. ಪ್ಯಾಕೆಟ್ ಅಕ್ಕಿ ಬೇಗ ಬೆಂದು, ತೆಳಿ (ಅನ್ನ ಬೆಂದ ನೀರು) ದಪ್ಪವಾಗಿ ಬಂತು. ಮಧ್ಯಾಹ್ನದ ಊಟಕ್ಕೆ ಅಡ್ಡಿಯಿಲ್ಲ, ಆದರೆ ರಾತ್ರಿಯ ಹೊತ್ತಿಗೆ ಅಗುಳುಗಳು ಮುದ್ದೆಯಾದವು. ಮಿಲ್ಲಿನ ಅಕ್ಕಿಗೆ ತೆರೆದ ಪಾತ್ರೆಯಲ್ಲಿ ಸುಮಾರು ಒಂದು ಗಂಟೆ ಬೇಕು. ಅಗುಳು ಉದ್ದಕ್ಕೆ ಸೀಳಿ ಅರಳಿದರೂ ಒಂದಕ್ಕೊಂದು ಅಂಟುವುದಿಲ್ಲ, ತೆಳಿಯೂ ತೆಳುವಾಗಿ ನಸುಗೆಂಪಾಗಿರುತ್ತದೆ. ಮರುದಿನ ಬೆಳಿಗ್ಗೆ ಉಪ್ಪಿನಕಾಯಿಯೊಂದಿಗೆ ಗಂಜಿ ಉಣ್ಣುವವರಿಗೆ ಹಲ್ಲಿಗೆ ಸಿಗುವ ಆ ಗಟ್ಟಿತನವೇ ಮುಖ್ಯ. ಕುಕ್ಕರಿನಲ್ಲಿ ಕೂಗಿಸಿದರೆ ಅದು ಅರ್ಧ ಕಳೆದುಹೋಗುತ್ತದೆ.

ಪಡಿತರದ ಅಕ್ಕಿ ತೊಳೆಯುವಾಗಲೇ ಹುಳಿವಾಸನೆ ಬಂತು. ಭತ್ತ ತಣ್ಣೀರಿನಲ್ಲಿ ಹೆಚ್ಚು ಕಾಲ ನೆನೆದು ಹುದುಗಿದರೆ ಹೀಗಾಗುತ್ತದೆ; ಅರ್ಧ ಬೆಂದಾಗ ನೀರು ಬಸಿದು ಬೇರೆ ಬಿಸಿನೀರು ಹಾಕಿದರೆ ಬಹುಮಟ್ಟಿಗೆ ಹೋಗುತ್ತದೆ. ಅದರಲ್ಲಿ ತೇಲಿಬರುವ ಕೆಲವು ಬಿಳಿ ಕಾಳುಗಳನ್ನು ಪ್ಲಾಸ್ಟಿಕ್ ಅಕ್ಕಿಯೆಂದು ನೆರೆಮನೆಯವರು ಆರಿಸಿ ಎಸೆಯುತ್ತಾರೆ. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ ಮತ್ತು ಬಿ12 ಜೀವಸತ್ವ ಸೇರಿಸಿ ಕಾಳಿನ ಆಕಾರ ಕೊಟ್ಟು, 1 ಕಿಲೋ ಅಕ್ಕಿಗೆ ಸುಮಾರು 10 ಗ್ರಾಂನಂತೆ ಸರ್ಕಾರವೇ ಬೆರೆಸಿದ ಸಾರವರ್ಧಿತ ಕಾಳು ಅದು. ಎಸೆದರೆ ನಷ್ಟ ನಮಗೇ. ಬೆಲೆಯನ್ನೂ ಲೆಕ್ಕಕ್ಕೆ ಹಿಡಿದರೆ ಈ ಅಕ್ಕಿಯನ್ನು ಕಡೆಗಣಿಸುವಂತಿಲ್ಲ, ಆದರೆ ಗಂಜಿಗೆ ಒಗ್ಗುವುದಿಲ್ಲ.

ಹಾಗಾಗಿ ನಿತ್ಯದ ಗಂಜಿಗೆ ಮಿಲ್ಲಿನ ಅಕ್ಕಿಯನ್ನೇ ಇಟ್ಟುಕೊಂಡು, ಸಾರು-ಸಾಂಬಾರಿನೊಂದಿಗೆ ಮೆತ್ತನೆಯ ಅನ್ನ ಬಯಸುವ ನೆಂಟರು ಬಂದಾಗ ಪ್ಯಾಕೆಟ್ಟಿನದನ್ನು ಬೇಯಿಸುತ್ತೇವೆ. ಮಿಲ್ಲಿನಲ್ಲಿ 'ಕೆಂಪಕ್ಕಿ' ಎಂದಷ್ಟೇ ಕೇಳದೆ ಎಂಒ-4, ಜ್ಯೋತಿ ಎಂದು ತಳಿಯ ಹೆಸರು ಹೇಳಿ ಕೇಳುವುದು ಒಳ್ಳೆಯದು, ಏಕೆಂದರೆ ಬೆರಕೆ ಅಕ್ಕಿಯಲ್ಲಿ ಒಂದು ತಳಿ ಬೇಯುವಷ್ಟರಲ್ಲಿ ಇನ್ನೊಂದು ಕರಗಿರುತ್ತದೆ. ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಪಾಲಿಶ್ ಕಡಿಮೆಯಾದ ಅಕ್ಕಿ ಮಳೆಗಾಲದಲ್ಲಿ ಬೇಗ ಕಮಟಾಗುತ್ತದೆ. ಅದನ್ನು ತಿಂಗಳಿಗೆ ಸಾಕಾಗುವಷ್ಟೇ ತರಬೇಕು.