ಸೆಂಟಿನೆಲ್ ಚಿತ್ರ, ಗೂಗಲ್ ಅರ್ಥ್ ಎಂಜಿನ್: ಹಿಂಗಾರಿಗೆ ಐದು, ಮುಂಗಾರಿಗೆ ಎರಡೂವರೆ

ಯುರೋಪಿನ ಸೆಂಟಿನೆಲ್ ಉಪಗ್ರಹಗಳ ಚಿತ್ರವನ್ನು ಗೂಗಲ್‌ನ ಆನ್‌ಲೈನ್ ಲೆಕ್ಕದ ವೇದಿಕೆ ಅರ್ಥ್ ಎಂಜಿನ್‌ನಲ್ಲಿ ಹಾಕಿ ಬೆಳೆ ನೋಡುವುದಕ್ಕೆ, ಹಲವು ಹಂಗಾಮು ಬಳಸಿದ ಮೇಲೆ, ಐದಕ್ಕೆ ಕೊಟ್ಟ ಅಂಕ ಇದು. ಮೋಡ ಕವಿಯುವ ಮುಂಗಾರಿಗೆ ಕೊಟ್ಟ ಎರಡೂವರೆಯೂ ಮೋಡ ದಾಟಿ ನೋಡುವ ರೇಡಾರ್ ಸೇರಿಸಿಕೊಂಡರೆ ಮಾತ್ರ.

ಬೆಳಕಿನ ಚಿತ್ರ ತೆಗೆಯುವ ಸೆಂಟಿನೆಲ್-2ರ ಕೆಂಪು (ಬಿ4) ಮತ್ತು ಸಮೀಪ ಅತಿಗೆಂಪು (ಬಿ8) ಬ್ಯಾಂಡ್‌ಗಳಲ್ಲಿ, ಅಂದರೆ ಬೆಳಕಿನ ಪಟ್ಟಿಗಳಲ್ಲಿ, ಒಂದು ಪಿಕ್ಸೆಲ್ ಅಂದರೆ 100 ಚದರ ಮೀಟರ್. ನಮ್ಮ ಗುಂಟೆ 101. ಎಕರೆಗೆ 40 ಪಿಕ್ಸೆಲ್ ಸಿಕ್ಕಿತು ಎಂದು ಹಿಗ್ಗುವವರು ಬದುವನ್ನು ಮರೆತಿರುತ್ತಾರೆ. ಬದುವಿನ ಬೇವು, ಪಕ್ಕದ ಹೊಲದ ಕಬ್ಬು ಎಲ್ಲವೂ ಅಂಚಿನ ಪಿಕ್ಸೆಲ್‌ನಲ್ಲಿ ಬೆರೆತಿರುತ್ತವೆ. ಗಡಿಯನ್ನು 10 ಮೀಟರ್ ಒಳಕ್ಕೆ ಎಳೆದರೆ ಚೌಕಾಕಾರದ ಎಕರೆಯಲ್ಲಿ ಉಳಿಯುವುದು ಸುಮಾರು 19. ಅಣ್ಣತಮ್ಮಂದಿರು ಪಾಲಾಗಿ ಉದ್ದಕ್ಕೆ ಸೀಳಿದ 20 ಮೀಟರ್ ಅಗಲದ ಪಟ್ಟಿಯಲ್ಲಿ ಏನೂ ಉಳಿಯದು. ತೇವಾಂಶ ನೋಡಲು ಬೇಕಾದ ಬಿ11 ಬ್ಯಾಂಡ್‌ನ ಪಿಕ್ಸೆಲ್ 20 ಮೀಟರ್, ಅಂದರೆ ನಾಲ್ಕು ಗುಂಟೆ. ಅದನ್ನು 10 ಮೀಟರಿನಲ್ಲಿ ಕೇಳಿದರೂ ಅರ್ಥ್ ಎಂಜಿನ್ ಕತ್ತರಿಸಿ ಕೊಡುತ್ತದೆ, ವಿವರ ಮಾತ್ರ ಹೆಚ್ಚುವುದಿಲ್ಲ.

ಹೊಸಬರು ಹೆಚ್ಚಾಗಿ ಎಡವುವುದು 2022ರ ಜನವರಿ 25ರ ಗೆರೆಯಲ್ಲಿ. ಅಂದಿನಿಂದ ಸಂಸ್ಕರಣೆಯ ಕ್ರಮ ಬದಲಾಗಿ ಪ್ರತಿ ಬ್ಯಾಂಡ್‌ನ ಅಂಕಿಗೂ 1000 ಕೂಡಿ ಬರುತ್ತಿದೆ. ಕೆಂಪು 400, ಅತಿಗೆಂಪು 4000 ಇದ್ದ ಹಸಿರು ಗದ್ದೆಯ ಎನ್‌ಡಿವಿಐ (ಈ ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದ ಹಸಿರಿನ ಸೂಚ್ಯಂಕ) 0.82. ಅದೇ ಗದ್ದೆ 1400 ಮತ್ತು 5000 ಎಂದು ಬಂದರೆ 0.56. ಬೆಳೆ ಸೊರಗಿಲ್ಲ, ಕಡತ ಬದಲಾಗಿದೆ, ಅಷ್ಟೆ. ಇದನ್ನೇ ಬರ ಎಂದು ನಕ್ಷೆ ಮಾಡಿಬಿಡುವುದು ಬಲು ಸುಲಭ! ಹೆಸರಿನ ಕೊನೆಗೆ 'ಹಾರ್ಮೊನೈಸ್ಡ್' ಎಂದಿರುವ ಸಂಗ್ರಹವನ್ನೇ ತೆಗೆದುಕೊಳ್ಳಿ.

ಮೋಡ ತೆಗೆಯಲು ಚಿತ್ರದ ಜೊತೆಗೇ ಬರುವ ವರ್ಗೀಕರಣದ ಎಸ್‌ಸಿಎಲ್ ಪದರವೊಂದನ್ನೇ ನಂಬಬೇಡಿ, ತೆಳು ಮೋಡ ಮತ್ತು ನೆರಳು ಅದರ ಕಣ್ಣು ತಪ್ಪಿಸುತ್ತವೆ. ಪ್ರತಿ ಪಿಕ್ಸೆಲ್ ಎಷ್ಟು ನಿಚ್ಚಳ ಎಂದು ಅಂಕ ಕೊಡುವ ಕ್ಲೌಡ್ ಸ್ಕೋರ್ ಪ್ಲಸ್‌ನಲ್ಲಿ 0.60ರ ಮಿತಿಯಿಂದ ಶುರುಮಾಡಿ. ಹಲವು ಚಿತ್ರಗಳ ಮೀಡಿಯನ್ (ನಡುವಿನ ಮೌಲ್ಯ) ತೆಗೆಯುವ ಮುಂಚೆ ಪ್ರತಿ ಪಿಕ್ಸೆಲ್‌ಗೆ ಎಷ್ಟು ಶುದ್ಧ ಚಿತ್ರ ಉಳಿದಿವೆ ಎಂದು ಎಣಿಸಿ. ಆಗಸ್ಟ್‌ನಲ್ಲಿ ಒಂದೋ ಎರಡೋ ಉಳಿದರೆ ಆ ಮೀಡಿಯನ್‌ಗೆ ಬೆಲೆಯಿಲ್ಲ.

ಆಗ ನೆರವಿಗೆ ಬರುವುದು ರೇಡಾರ್ ಉಪಗ್ರಹ ಸೆಂಟಿನೆಲ್-1. ಗಂಗಾವತಿ, ಸಿಂಧನೂರು ಕಡೆಯ ಭತ್ತಕ್ಕೆ ಇದು ಹೇಳಿ ಮಾಡಿಸಿದಂತಿದೆ. ಕೆಸರು ಮಾಡಿ ನೀರು ನಿಲ್ಲಿಸಿದ ಗದ್ದೆ ರೇಡಾರ್ ಅಲೆಯನ್ನು ಆಚೆಗೆ ಜಾರಿಸಿಬಿಡುತ್ತದೆ, ಮರಳಿ ಬರುವ ಅಲೆಯ ಅಳತೆಗಳಲ್ಲೊಂದಾದ ವಿಎಚ್ ಮೌಲ್ಯ ತಟ್ಟನೆ ಕುಸಿಯುತ್ತದೆ. ನಾಟಿ ತೆನೆಯತ್ತ ಸಾಗಿದಂತೆ ಅದು ಮೇಲೇರುತ್ತದೆ. ಈ ಕುಸಿತದ ತಾರೀಖೇ ಹೆಚ್ಚುಕಡಿಮೆ ನಾಟಿಯ ತಾರೀಖು. ಎರಡು ಎಚ್ಚರಿಕೆ: ಅಂಕಿಗಳು ಲಾಗರಿದಂ ಅಳತೆಯಾದ ಡೆಸಿಬೆಲ್‌ನಲ್ಲಿರುವುದರಿಂದ ನೇರವಾಗಿ ಸರಾಸರಿ ಮಾಡಬಾರದು, ಮೊದಲು ಲೀನಿಯರ್ (ಸಾಮಾನ್ಯ) ಅಂಕಿಗೆ ತಿರುಗಿಸಿಕೊಳ್ಳಿ. ಬೇರೆ ಬೇರೆ ಕಕ್ಷೆಯ ಚಿತ್ರಗಳನ್ನು ಬೆರೆಸಬೇಡಿ, ನೋಡುವ ಕೋನ ಬದಲಾದರೆ ಗದ್ದೆ ಬದಲಾದಂತೆ ಕಾಣುತ್ತದೆ. 2021ರ ಡಿಸೆಂಬರ್‌ನಲ್ಲಿ ಸೆಂಟಿನೆಲ್-1ರ ಜೋಡಿ ಉಪಗ್ರಹಗಳಲ್ಲಿ 1ಬಿ ಕೈಕೊಟ್ಟ ಮೇಲೆ ಒಂದೇ ಉಪಗ್ರಹದ 12 ದಿನದ ಸುತ್ತಿಗೆ ಕಾಯಬೇಕಾಗಿತ್ತು. ಅದರ ಬದಲಿ 1ಸಿ ಮೇಲೇರಿದ್ದು 2024ರ ಡಿಸೆಂಬರ್‌ನಲ್ಲಿ.

ಅರ್ಥ್ ಎಂಜಿನ್‌ನ ವಾಣಿಜ್ಯೇತರ ಬಳಕೆಗೆ ಹಣ ಕೊಡಬೇಕಿಲ್ಲ. ಇಡೀ ತಾಲ್ಲೂಕಿನ ಲೆಕ್ಕವನ್ನು ಪರದೆಯಲ್ಲೇ ಪ್ರಿಂಟ್ ಮಾಡಲು ಹೊರಟರೆ ಐದು ನಿಮಿಷಕ್ಕೆ ನಿಂತುಬಿಡುತ್ತದೆ, ಎಕ್ಸ್‌ಪೋರ್ಟ್‌ಗೆ ಹಾಕಿ.

ಕೊಡಗಿನ ಕಾಫಿಗೆ ಸೊನ್ನೆ ಅಂಕ. ಮೇಲಿನ ನೆರಳು ಮರದ ಹಸಿರು ಕಾಣುತ್ತದೆಯೇ ಹೊರತು ಕೆಳಗಿನ ಗಿಡವಲ್ಲ. ಕಬ್ಬು ಬಲಿತ ಮೇಲೆ ಎನ್‌ಡಿವಿಐ ಮೇಲೇರದೆ ನಿಂತುಬಿಡುತ್ತದೆ, ಅಲ್ಲಿ ಕೆಂಪಿನ ಅಂಚಿನ ಬ್ಯಾಂಡ್ ಬಿ5 ಸೇರಿಸಿದ ಸೂಚ್ಯಂಕ ವಾಸಿ.

ಕೆರೆ ಅಳೆಯುವವರಿಗೆ ಒಂದು ಮಾತು. ಹಸಿರು ಬ್ಯಾಂಡ್ ಬಿ3 ಮತ್ತು ಬಿ11ರಿಂದ ಮಾಡುವ ನೀರಿನ ಸೂಚ್ಯಂಕ ತೆರೆದ ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಬೆಳ್ಳಂದೂರಿನಂತೆ ಅಂತರಗಂಗೆ ಕಳೆ ಹಬ್ಬಿದ ಕಡೆ ಮಾತ್ರ ತುಂಬಿದ ಕೆರೆಯನ್ನೂ ಹುಲ್ಲುಗಾವಲು ಎನ್ನುತ್ತದೆ. ಅಂಥಲ್ಲಿ ಕಳೆ ತೆಗೆದ ನಂತರದ ಚಿತ್ರ ಹುಡುಕಿ, ದಡದ ಗೆರೆಯನ್ನು ಕೈಯಲ್ಲೇ ಎಳೆಯಬೇಕು.