ಟಚ್ ಟೇಬಲ್ ಕ್ಯಾಲಿಬ್ರೇಶನ್: ನಾಲ್ಕು ಬಿಂದುವೋ, ಗ್ರಿಡ್ಡೋ, ಗ್ರೇ ಕೋಡೋ?

ಬೆರಳಿಟ್ಟದ್ದು ಒಂದು ಕಡೆ, ಕರ್ಸರ್ ಎದ್ದದ್ದು ಇನ್ನೊಂದು ಕಡೆ. ಮನೆಯಲ್ಲೇ ಕಟ್ಟಿದ ಪ್ರೊಜೆಕ್ಷನ್ ಟೇಬಲ್‌ಗಳ ಮಾಮೂಲಿ ತಕರಾರು ಇದು. ಕ್ಯಾಮೆರಾ ಕಂಡ ಬಿಂದುವನ್ನು ಪ್ರೊಜೆಕ್ಟರ್ ಚಿತ್ರದ ಬಿಂದುವಿಗೆ ಕೂಡಿಸಲು (ಕ್ಯಾಲಿಬ್ರೇಶನ್ ಎಂದರೆ ಇದೇ) ಬಳಕೆಯಲ್ಲಿರುವ ನಾಲ್ಕು ದಾರಿಗಳನ್ನು ಒಂದೇ ಮೇಜಿನ ಮೇಲೆ ಹಾಕಿ ನೋಡಿದ ಹೋಲಿಕೆ ಇಲ್ಲಿದೆ.

ಮೇಜಿನ ಚಿತ್ರ 80×60 ಸೆಂ.ಮೀ. ಮೇಲೆ 8 ಮಿ.ಮೀ. ಅಕ್ರಿಲಿಕ್, ಕೆಳಗಿನಿಂದ 850 ನ್ಯಾನೋಮೀಟರ್ ಐಆರ್ (ಕಣ್ಣಿಗೆ ಕಾಣದ ಅವಗೆಂಪು) ಎಲ್‌ಇಡಿ ಬೆಳಕು, 1024×768ರ ಡಿಎಲ್‌ಪಿ ಪ್ರೊಜೆಕ್ಟರ್, ಅದರ ಬೆಳಕನ್ನು ಮೇಲಕ್ಕೆ ತಿರುಗಿಸುವ ಕನ್ನಡಿ. ಕ್ಯಾಮೆರಾ ಹಳೆಯ ಪ್ಲೇಸ್ಟೇಶನ್ ಐ: ಒಳಗಿನ ಐಆರ್ ತಡೆಯುವ ಗಾಜು ತೆಗೆದು ಆ ಬೆಳಕನ್ನಷ್ಟೇ ಒಳಬಿಡುವ 850ರ ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿದ್ದು, 640×480, ಸೆಕೆಂಡಿಗೆ 60 ಫ್ರೇಮ್. ಚಿತ್ರದ ಅಂಚಿನಾಚೆ ಎರಡೂ ಕಡೆ 4 ಸೆಂ.ಮೀ. ಜಾಗ ಕ್ಯಾಮೆರಾಗೆ ಕಾಣಲೇಬೇಕು, ಇಲ್ಲವಾದರೆ ಅಂಚಿನ ಬ್ಲಾಬ್ (ಬೆರಳು ಕ್ಯಾಮೆರಾಗೆ ಕಾಣುವ ಬೆಳಕಿನ ಮಚ್ಚೆ) ಅರ್ಧ ಕತ್ತರಿಸಿಹೋಗಿ ಅದರ ಕೇಂದ್ರ ಒಳಕ್ಕೆ ಸರಿಯುತ್ತದೆ. ಆ ಲೆಕ್ಕದಲ್ಲಿ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 1.4 ಮಿ.ಮೀ., ಪ್ರೊಜೆಕ್ಟರಿನದು 0.78 ಮಿ.ಮೀ.

ಯಾವ ದಾರಿ ಹಿಡಿದರೂ ಮೊದಲು ಕೆಲವು ಕೆಲಸ ಮುಗಿಸಿರಬೇಕು. ಪ್ರೊಜೆಕ್ಟರಿನ ಡಿಜಿಟಲ್ ಕೀಸ್ಟೋನ್ (ಓರೆ ಬಿದ್ದ ಚಿತ್ರವನ್ನು ನೇರ ಮಾಡುವ ಸೆಟ್ಟಿಂಗ್) ಸೊನ್ನೆಗೆ ತನ್ನಿ. ಕ್ಯಾಮೆರಾದ ಆಟೋ ಎಕ್ಸ್‌ಪೋಶರ್, ಆಟೋ ಗೇನ್ ಎರಡನ್ನೂ ಆರಿಸಿ. ಎಲ್ಲವನ್ನೂ ಅರ್ಧ ಗಂಟೆ ಓಡಿಸಿ ಬಿಸಿಯಾಗಲು ಬಿಡಿ. ತಣ್ಣಗಿದ್ದಾಗ ಮಾಡಿದ ಕ್ಯಾಲಿಬ್ರೇಶನ್ ಬಿಸಿಯಾದ ಮೇಲೆ ನಿಲ್ಲುವುದಿಲ್ಲ. ಚಿತ್ರ ಮೂಡುವ ಟ್ರೇಸಿಂಗ್ ಪೇಪರ್ ಅಕ್ರಿಲಿಕ್‌ನ ಮೇಲಿರಲಿ. ಕೆಳಗೆ ಅಂಟಿಸಿದರೆ ಚಿತ್ರಕ್ಕೂ ಬೆರಳಿಗೂ ನಡುವೆ 8 ಮಿ.ಮೀ. ಅಂತರ ಬಿದ್ದು, 45 ಡಿಗ್ರಿ ಓರೆಯಿಂದ ನೋಡುವವರಿಗೆ ಚಿತ್ರ 4 ಮಿ.ಮೀ.ಗಿಂತ ಹೆಚ್ಚು ಸರಿದಂತೆ ಕಾಣುತ್ತದೆ. ಎದುರುಬದುರು ನಿಂತ ಇಬ್ಬರಿಗೆ ಅದು ವಿರುದ್ಧ ದಿಕ್ಕಿಗೆ ಸರಿದಿರುತ್ತದೆ. ಯಾವ ಕ್ಯಾಲಿಬ್ರೇಶನ್ನೂ ಇದನ್ನು ಸರಿಪಡಿಸಲಾರದು.

ನಾಲ್ಕು ಮೂಲೆ ಒತ್ತಿ ಹೋಮೋಗ್ರಫಿ (ಒಂದು ಸಮತಲದ ಬಿಂದುಗಳನ್ನು ಇನ್ನೊಂದಕ್ಕೆ ಕೂರಿಸುವ ಲೆಕ್ಕ) ತೆಗೆಯುವುದು ಎಲ್ಲಕ್ಕಿಂತ ಸುಲಭ. ಓಪನ್‌ಸಿವಿ ಎಂಬ ಚಿತ್ರ-ಲೆಕ್ಕದ ಕೋಡ್ ಲೈಬ್ರರಿಯಲ್ಲಿ ಒಂದು ಸಾಲಿನ ಕೆಲಸ, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಕನ್ನಡಿಯಿಂದ ಬಂದ ಎಡ-ಬಲ ತಿರುವು, ಕ್ಯಾಮೆರಾದ ಓರೆ ಎಲ್ಲ ತಾನಾಗಿಯೇ ಸರಿಹೋಗುತ್ತದೆ. ಲೆನ್ಸ್ ಬಾಗಿಸಿದ್ದು ಮಾತ್ರ ಸರಿಹೋಗುವುದಿಲ್ಲ. ಪ್ಲೇಸ್ಟೇಶನ್ ಐ ಲೆನ್ಸಿಗೆ 56 ಮತ್ತು 75 ಡಿಗ್ರಿಯ ಎರಡು ಸ್ಥಾನಗಳಿವೆ. ಮೇಜು ಗಿಡ್ಡವಾದರೆ 75ಕ್ಕೆ ತಿರುಗಿಸದೆ ವಿಧಿಯಿಲ್ಲ, ಅಲ್ಲಿ ಗೆರೆಗಳು ಪೀಪಾಯಿಯ ಹೊಟ್ಟೆಯಂತೆ ಹೊರಕ್ಕೆ ಉಬ್ಬುತ್ತವೆ. ನಾಲ್ಕು ಮೂಲೆ ಸರಿಯಾಗಿ ಕೂತಿರುತ್ತವೆ, ಮೇಜಿನ ನಡುಮಧ್ಯವೂ ಸರಿ. ಆದರೆ ಪ್ರತಿ ಅಂಚಿನ ನಡುಭಾಗದಲ್ಲಿ ಕರ್ಸರ್ ಬೆರಳಗಲ ಆಚೆಗೆ ಹೋಗಿ ಚಿತ್ರದಿಂದಲೇ ಮಾಯವಾಗುತ್ತದೆ. ಕೆಳ ಅಂಚಿನ ಬಟನ್ ಒತ್ತಿದರೂ ಒತ್ತಿದಂತಾಗದಿದ್ದರೆ ಕಾರಣ ಇದೇ. ಇನ್ನೊಂದು ಮೋಸವಿದೆ: ಗೊತ್ತಿಲ್ಲದ ಸಂಖ್ಯೆಗಳು ಎಂಟು, ನಾಲ್ಕು ಬಿಂದು ಕೊಡುವ ಸಮೀಕರಣಗಳೂ ಎಂಟು. ಹಾಗಾಗಿ ಒಂದು ಮೂಲೆಯನ್ನು ತಪ್ಪಾಗಿ ಒತ್ತಿದ್ದರೂ ಪ್ರೋಗ್ರಾಮ್ 'ತಪ್ಪು ಸೊನ್ನೆ' ಎಂದೇ ಹೇಳುತ್ತದೆ.

ಎರಡನೆಯದರಲ್ಲಿ ಚೆಸ್‌ಬೋರ್ಡ್ ಹಿಡಿದು ಲೆನ್ಸಿನ ಬಾಗು ಅಳೆದಿಟ್ಟುಕೊಂಡು, ಆಮೇಲೆ ಹೋಮೋಗ್ರಫಿ. ಒಳಮೂಲೆಗಳು 9×6 ಇರುವ ಹಾಳೆಯನ್ನು ಗಟ್ಟಿ ರಟ್ಟಿಗೆ ಅಂಟಿಸಿ, ಬೇರೆ ಬೇರೆ ಓರೆಯಲ್ಲಿ 20–25 ಚಿತ್ರ ತೆಗೆಯಬೇಕು. ಕ್ಯಾಮೆರಾವನ್ನು ಮೇಜಿನಿಂದ ಹೊರಗೆ ತಂದು ಮಾಡಬಹುದು, ಫೋಕಸ್ ರಿಂಗ್ ಮಾತ್ರ ಅಲುಗಬಾರದು. ಬಹಳ ಜನ ಎಡವುವುದು ಪ್ರಿಂಟಿನಲ್ಲಿ. ಇಂಕ್‌ಜೆಟ್‌ನ ಡೈ ಶಾಯಿಯ ಕಪ್ಪು ನಮ್ಮ ಕಣ್ಣಿಗಷ್ಟೇ ಕಪ್ಪು, ಐಆರ್‌ನಲ್ಲಿ ಪಾರದರ್ಶಕ. ಕ್ಯಾಮೆರಾ ತೆರೆಯಲ್ಲಿ ಖಾಲಿ ಬಿಳಿ ಹಾಳೆ ಕಾಣುತ್ತದೆ, ತಪ್ಪು ಕೋಡಿನಲ್ಲಿದೆ ಎಂದು ಹುಡುಕುತ್ತಾ ಕೂರುತ್ತೇವೆ. ಲೇಸರ್ ಪ್ರಿಂಟರಿನ ಟೋನರ್‌ನಲ್ಲಿ ಕಾರ್ಬನ್ ಇರುವುದರಿಂದ ಅದು ಐಆರ್‌ನಲ್ಲೂ ಕಪ್ಪಾಗಿಯೇ ನಿಲ್ಲುತ್ತದೆ. ಜೆರಾಕ್ಸ್ ಅಂಗಡಿಯ ಪ್ರತಿ ಸಾಕು. ಬಾಗು ತೆಗೆದ ಮೇಲೆ ನಾಲ್ಕರ ಬದಲು 9 ಅಥವಾ 12 ಬಿಂದು ಒತ್ತಿ. ಆಗ ಬರುವ ತಪ್ಪಿನ ಅಂಕಿಯನ್ನು ನಂಬಬಹುದು. ಶಾಲೆಯಿಂದ ಶಾಲೆಗೆ, ಪ್ರದರ್ಶನದಿಂದ ಪ್ರದರ್ಶನಕ್ಕೆ ಹೊತ್ತೊಯ್ಯುವ ಮೇಜಿಗೆ ನಮ್ಮ ಆಯ್ಕೆ ಇದೇ: ಲೆನ್ಸಿನ ಅಂಕಿಗಳು ಹಾಗೆಯೇ ಉಳಿಯುತ್ತವೆ, ಹೊಸ ಜಾಗದಲ್ಲಿ ಆ ಹನ್ನೆರಡು ಬಿಂದು ಒತ್ತಿದರೆ ಆಯಿತು.

ಒಂದೇ ಕಡೆ ಊರಿದ ಮೇಜಿಗೆ ಸಿಸಿವಿ ಎಂಬ ಟಚ್ ಗುರುತಿಸುವ ಸಾಫ್ಟ್‌ವೇರ್‌ನಲ್ಲಿರುವಂಥ ಗ್ರಿಡ್ ಮೇಲು. ಪರದೆಯ ಮೇಲೆ ಬರುವ ಒಂದೊಂದು ಗುರುತನ್ನೂ ಒತ್ತುತ್ತಾ ಹೋಗುವುದು, ನಡುವಿನದನ್ನು ಪ್ರೋಗ್ರಾಮ್ ಲೆಕ್ಕ ಹಾಕಿಕೊಳ್ಳುತ್ತದೆ. ಲೆನ್ಸಿನ ಬಾಗು, ಕನ್ನಡಿಯ ಸೊಟ್ಟು, ಅಕ್ರಿಲಿಕ್ ಜೋತುಬಿದ್ದದ್ದು ಎಲ್ಲವೂ ಅದರಲ್ಲೇ ಸೇರಿಹೋಗುತ್ತದೆ. 80×60ಕ್ಕೆ 5×4 ಚೌಕ, ಅಂದರೆ 30 ಬಿಂದು ಸಾಕು. ಹೆಚ್ಚು ಒತ್ತಿದಷ್ಟೂ ಒಳ್ಳೆಯದು ಎಂಬುದು ಭ್ರಮೆ. ಬೆರಳು ಒಂದು ಮಿ.ಮೀ. ಅತ್ತಿತ್ತ ಆಗಿಯೇ ಆಗುತ್ತದೆ, 16 ಸೆಂ.ಮೀ. ಚೌಕದಲ್ಲಿ ಅದು ಕಾಣುವುದಿಲ್ಲ, 4 ಸೆಂ.ಮೀ. ಚೌಕದಲ್ಲಿ ಗೆರೆ ಎಳೆದರೆ ನಡುಗಿದಂತೆ ಬರುತ್ತದೆ. ಪ್ರತಿ ಬಿಂದುವಿನಲ್ಲೂ 20 ಫ್ರೇಮ್‌ಗಳ ಸರಾಸರಿ ತೆಗೆದುಕೊಳ್ಳಿ. ಹೊರಸಾಲಿನ ಬಿಂದುಗಳು ಚಿತ್ರದ ಅಂಚಿನ ಮೇಲೆಯೇ ಬರಲಿ.

ಗ್ರಿಡ್‌ನ ದೌರ್ಬಲ್ಯ ಒತ್ತುವವರ ಕೈಯಲ್ಲಿದೆ. ಬೆರಳು ಓರೆಯಾದರೆ ಬ್ಲಾಬ್‌ನ ಕೇಂದ್ರ ಅಂಗೈ ಕಡೆಗೆ ಜಾರುತ್ತದೆ. ಒಂದೇ ಬದಿಯಲ್ಲಿ ನಿಂತು ಮೂವತ್ತನ್ನೂ ಒತ್ತಿದರೆ ಆ ಜಾರುವಿಕೆಯೂ ಗ್ರಿಡ್‌ನಲ್ಲಿ ಸೇರಿ, ಎದುರು ಬದಿಯವರಿಗೆ ತಪ್ಪು ಇಮ್ಮಡಿಯಾಗುತ್ತದೆ. ಎಲ್ಲರೂ ಒಂದೇ ಕಡೆ ನಿಲ್ಲುವ ಮೇಜಾದರೆ ಬೆರಳಿನಿಂದಲೇ ಒತ್ತಿ, ಅದು ಲಾಭವೇ. ಸುತ್ತಲೂ ಜನ ನಿಲ್ಲುವುದಾದರೆ ಪೆನ್ಸಿಲ್ ತುದಿಗೆ 12 ಮಿ.ಮೀ. ಬಿಳಿ ಫೆಲ್ಟಿನ ಬಿಲ್ಲೆ ಅಂಟಿಸಿ ನೆಟ್ಟಗೆ ಒತ್ತಿ. ರಿಯಾಕ್ಟಿವಿಷನ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲೂ ಗ್ರಿಡ್ ಇದೆ, ಆದರೆ ಅದು ಮೇಜಿನ ಮೇಲೆ ಹಾಸಿದ ಮುದ್ರಿತ ಹಾಳೆಗೆ ಕ್ಯಾಮೆರಾವನ್ನು ಹೊಂದಿಸುತ್ತದೆ. ಪ್ರೊಜೆಕ್ಟರ್ ಚಿತ್ರವನ್ನು ಬೇರೆಯಾಗಿಯೇ ಕೂರಿಸಬೇಕು.

ನಾಲ್ಕನೆಯದಾದ ಗ್ರೇ ಕೋಡ್ ಬರೀ ಲೆಕ್ಕದಲ್ಲಿ ಎಲ್ಲಕ್ಕಿಂತ ನಿಖರ. ಪ್ರೊಜೆಕ್ಟರ್ ಕಪ್ಪು-ಬಿಳಿ ಪಟ್ಟೆಗಳನ್ನು ಒಂದಾದ ಮೇಲೊಂದು ತೋರಿಸುತ್ತದೆ: ಅಡ್ಡಕ್ಕೆ 10, ಉದ್ದಕ್ಕೆ 10, ತಿರುಗುಮುರುಗು ಪ್ರತಿಗಳೂ ಸೇರಿ 40. ಒಂದು ಜಾಗದಲ್ಲಿ ಕಪ್ಪು-ಬಿಳಿ ಬಂದ ಸರಣಿ ನೋಡಿದರೆ ಅಲ್ಲಿ ಬಿದ್ದದ್ದು ಪ್ರೊಜೆಕ್ಟರಿನ ಯಾವ ಪಿಕ್ಸೆಲ್ ಎಂದು ಗೊತ್ತಾಗುತ್ತದೆ, ಕೈ ಹಚ್ಚಬೇಕಿಲ್ಲ. ಆದರೆ ಆ ಪಟ್ಟೆಗಳು ಕಣ್ಣಿಗೆ ಕಾಣುವ ಬೆಳಕಿನವು, ಬ್ಯಾಂಡ್‌ಪಾಸ್ ಫಿಲ್ಟರ್ ಹಾಕಿದ ಕ್ಯಾಮೆರಾ ಅವುಗಳಿಗೆ ಕುರುಡು. ಫಿಲ್ಟರ್ ತೆಗೆದು ಮತ್ತೆ ಹಾಕುವಷ್ಟರಲ್ಲಿ ಕ್ಯಾಮೆರಾ ಕೂದಲೆಳೆ ಅಲುಗಿದರೂ ಗಳಿಸಿದ ನಿಖರತೆ ಹೋಯಿತು; ಐಆರ್‌ಗೆ ಫೋಕಸ್ ಬೇರೆ ಆದ್ದರಿಂದ ರಿಂಗ್ ಮುಟ್ಟುವ ಆಸೆಯೂ ಹುಟ್ಟುತ್ತದೆ. ಅತಿ ಸಣ್ಣ ಪಟ್ಟೆ 2 ಪಿಕ್ಸೆಲ್, ಅಂದರೆ 1.6 ಮಿ.ಮೀ. ಅಗಲ. ಟ್ರೇಸಿಂಗ್ ಪೇಪರ್ ಬೆಳಕನ್ನು ಹರಡಿಬಿಡುವುದರಿಂದ 1.4 ಮಿ.ಮೀ. ಪಿಕ್ಸೆಲ್ಲಿನ ಕ್ಯಾಮೆರಾಗೆ ಅದು ಬರೀ ಬೂದಿ ಬಣ್ಣ. ಕೊನೆಯ ಎರಡು ಹಂತ ಬಿಟ್ಟುಬಿಡುವುದೇ ಜಾಣತನ. ಮರಳಿನ ಮೇಜು, ಉಬ್ಬುತಗ್ಗಿನ ಗೋಡೆ, ಎರಡು ಪ್ರೊಜೆಕ್ಟರ್ ಜೋಡಿಸುವ ಕಡೆ ಗ್ರೇ ಕೋಡ್‌ಗೆ ಸಾಟಿಯಿಲ್ಲ. ಚಪ್ಪಟೆ ಟಚ್ ಟೇಬಲ್‌ಗೆ ಬೇಡ.

ಯಾವುದನ್ನೇ ಮಾಡಿದರೂ ಪರೀಕ್ಷೆ ಒಂದೇ. ಚಿತ್ರ ಬಿಡಿಸುವ ಆ್ಯಪ್ ತೆರೆದು, ಉದ್ದನೆಯ ಸ್ಕೇಲ್ ಇಟ್ಟು, ಅಂಚಿನಿಂದ 2 ಸೆಂ.ಮೀ. ಒಳಗೆ ನಿಧಾನವಾಗಿ ಬೆರಳೆಳೆಯಿರಿ. ಗೆರೆ ಬಿಲ್ಲಿನಂತೆ ಬಾಗಿದರೆ ಲೆನ್ಸಿನ ಬಾಗು ಉಳಿದಿದೆ. ಒಂದೇ ಕಡೆ ಮುರಿದರೆ ಅಲ್ಲಿನ ಗ್ರಿಡ್ ಬಿಂದು ತಪ್ಪಿದೆ, ಅದೊಂದನ್ನೇ ಮತ್ತೆ ಒತ್ತಿ. ಇಡೀ ಗೆರೆ ನೇರವಾಗಿದ್ದೂ ಬೆರಳಿನಿಂದ ಒಂದೇ ಸಮ ದೂರದಲ್ಲಿ ಓಡುತ್ತಿದ್ದರೆ ಕ್ಯಾಲಿಬ್ರೇಶನ್‌ಗೆ ಕೈ ಹಾಕಬೇಡಿ, ಮೊದಲು ಕನ್ನಡಿಯ ಸ್ಕ್ರೂ ಸಡಿಲಾಗಿದೆಯೇ ನೋಡಿ.