ಕನ್ನಡ ಮೆನು, ಕನ್ನಡ ಫೈಲ್ ಹೆಸರು: ಕೆಡಿಇ, ಗ್ನೋಮ್, ವಿಂಡೋಸ್ ಹೋಲಿಕೆ

ಕೆಡಿಇ, ಗ್ನೋಮ್ ಎಂಬ ಲಿನಕ್ಸ್ ಡೆಸ್ಕ್‌ಟಾಪ್‌ಗಳಲ್ಲಾಗಲಿ ವಿಂಡೋಸ್‌ನಲ್ಲಾಗಲಿ ಕನ್ನಡ ಫಾಂಟ್ ಹೊಂದಿಸಿದ ಮೇಲೆ ನಾನು ‘ರಾಷ್ಟ್ರೀಯ ಧನಸಹಾಯ’ ಎಂಬ ಹೆಸರಿನ ಒಂದು ಫೋಲ್ಡರ್ ಮಾಡಿ ನೋಡುತ್ತೇನೆ. ‘ಷ್ಟ್ರೀ’ಯಲ್ಲಿ ಎರಡು ಒತ್ತು ಬೆನ್ನುಬೆನ್ನಿಗೆ ಬರುತ್ತವೆ; ಸಾಲಿನ ಎತ್ತರ ಸಾಲದಿದ್ದರೆ ಅವುಗಳ ಬುಡವೇ ಕತ್ತರಿಸಿಹೋಗುತ್ತದೆ. ‘ಧ’ದ ಅಡಿಯ ಸೀಳು ಸಣ್ಣ ಗಾತ್ರದಲ್ಲಿ ಮಸುಕಾದರೆ ಓದುವವರಿಗೆ ಅದು ‘ದ’.

ವಿಂಡೋಸ್ 11ರಲ್ಲಿ ಆಯ್ಕೆಯೇ ಕಡಿಮೆ. ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಅಕ್ಷರದ ಗಾತ್ರವನ್ನು ಶೇ. 225ರವರೆಗೆ ಹಿಗ್ಗಿಸಬಹುದು, ಫಾಂಟನ್ನೇ ಬದಲಿಸಬೇಕೆಂದರೆ ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಗೆ ಕೈ ಹಾಕಬೇಕು. ಆದರೆ ಅಲ್ಲಿ ಕನ್ನಡಕ್ಕಿರುವ ನಿರ್ಮಲಾ ಯುಐ ಫಾಂಟ್ ಹಳೆಯ ತುಂಗಾ ಫಾಂಟಿಗಿಂತ ಎಷ್ಟೋ ಸ್ಪಷ್ಟ. ಬದಲಿಸಬೇಕೆಂದು ನನಗೆ ಅನಿಸಿಲ್ಲ.

ಗ್ನೋಮ್‌ನಲ್ಲಿ ಟ್ವೀಕ್ಸ್ ಎಂಬ ಹೆಚ್ಚುವರಿ ಸೆಟ್ಟಿಂಗ್‌ಗಳ ಆ್ಯಪ್ ಹಾಕಿಕೊಂಡರೆ ಇಂಟರ್‌ಫೇಸ್, ಡಾಕ್ಯುಮೆಂಟ್, ಮಾನೋಸ್ಪೇಸ್ (ಎಲ್ಲ ಅಕ್ಷರಗಳಿಗೂ ಒಂದೇ ಅಗಲದ) ಫಾಂಟ್‌ಗಳನ್ನು ಬೇರೆಬೇರೆಯಾಗಿ ಆರಿಸಬಹುದು. ಕೆಡಿಇ ಇದಕ್ಕಿಂತ ಧಾರಾಳಿ: ಮೆನು, ಟೂಲ್‌ಬಾರ್, ವಿಂಡೋ ಶೀರ್ಷಿಕೆ, ಸಣ್ಣ ಅಕ್ಷರ ಪ್ರತಿಯೊಂದಕ್ಕೂ ಪ್ರತ್ಯೇಕ ಸಾಲು, ಎಲ್ಲವನ್ನೂ ಒಟ್ಟಿಗೆ ಬದಲಿಸುವ ಗುಂಡಿ, ಅದೂ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲೇ. ಶೀರ್ಷಿಕೆಯಲ್ಲಿ ಒತ್ತು ಕತ್ತರಿಸಿದಾಗ ಅದೊಂದನ್ನೇ ಒಂದು ಪಾಯಿಂಟ್ ಇಳಿಸಿ ಸರಿಮಾಡಲು ಇಲ್ಲಿ ಸಾಧ್ಯ. ಈ ಕಾರಣಕ್ಕೇ ನನ್ನ ಮತ ಕೆಡಿಇಗೆ.

ಆದರೂ ಗ್ನೋಮ್, ಕೆಡಿಇ ಎರಡರಲ್ಲೂ ನಿಜವಾದ ಕೀಲಿ ಇರುವುದು ಬೇರೆ ಕಡೆ. ಗ್ನೋಮ್ 48ರಿಂದ ಬಂದ ಅದ್ವೈತ ಸಾನ್ಸ್‌ನಲ್ಲಾಗಲಿ, ಅದಕ್ಕೆ ಮುಂಚಿನ ಕ್ಯಾಂಟರೆಲ್ ಫಾಂಟಿನಲ್ಲಾಗಲಿ ಕನ್ನಡ ಅಕ್ಷರಗಳಿಲ್ಲ. ಅವನ್ನು ಯಾವ ಫಾಂಟಿನಿಂದ ತರಬೇಕೆಂದು ತೀರ್ಮಾನಿಸುವುದು ಲಿನಕ್ಸ್‌ನಲ್ಲಿ ಫಾಂಟ್ ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಎಂಬ ತಂತ್ರಾಂಶ. ಇಂಟರ್‌ಫೇಸ್ ಫಾಂಟಿನ ಜಾಗದಲ್ಲಿ ನೇರವಾಗಿ ಕನ್ನಡ ಫಾಂಟನ್ನೇ ಇಟ್ಟರೆ ಸಾಲುಗಳ ಎತ್ತರ ಅದರ ಅಳತೆಗೇ ಹೋಗಿ, ಇಂಗ್ಲಿಷ್ ಮೆನುಗಳೂ ಸಡಿಲವಾಗಿ ಕಾಣುತ್ತವೆ. ಆದ್ದರಿಂದ ಮೇಲೆ ಇಂಗ್ಲಿಷ್ ಫಾಂಟ್ ಹಾಗೇ ಇರಲಿ. ಫಾಂಟ್‌ಕಾನ್ಫಿಗ್ ಕಡತದಲ್ಲಿ ಸಾನ್ಸ್-ಸೆರಿಫ್ (ತುದಿಗೆರೆಗಳಿಲ್ಲದ ಅಕ್ಷರಶೈಲಿ) ಆದ್ಯತೆಯ ಪಟ್ಟಿಗೆ ಅದರ ನಂತರ ನಿಮ್ಮ ಕನ್ನಡ ಫಾಂಟ್ ಸೇರಿಸಿ.

ಯಾವ ಫಾಂಟ್? ಲೋಹಿತ್ ಕನ್ನಡ ನನ್ನ ಪರದೆಯಲ್ಲಿ ತೀರಾ ತೆಳು. ಗುಬ್ಬಿ ಫಾಂಟಿನ ದುಂಡುತನ ನನಗೆ ಬಹಳ ಇಷ್ಟ, ದೀರ್ಘ ಬರಹ ಓದಲು ಅದನ್ನೇ ಬಳಸುತ್ತೇನೆ. ಮೆನುವಿಗೆ ಮಾತ್ರ ನೋಟೋ ಸಾನ್ಸ್ ಕನ್ನಡ: ತೂಕಗಳು (ಗೆರೆಯ ದಪ್ಪಗಳು) ಹಲವು ಇವೆ, ಮಾಮೂಲಿ ತೂಕ ಸಾಲದಿದ್ದರೆ ಮೀಡಿಯಂಗೆ ಹೋಗಬಹುದು, ‘ಧ’ದ ಸೀಳು 11 ಪಾಯಿಂಟಿನಲ್ಲೂ ಬಿಡಿಸಿ ಕಾಣುತ್ತದೆ. 10ಕ್ಕೆ ಇಳಿಸಬೇಡಿ.